ಒಂದು ಮೊಳೆಗೆ ಒಪ್ಪಿಗೆ

ಇವತ್ತು ಬೆಳಿಗ್ಗೆ ಓನರ್ ಆಂಟಿ ತಾವಾಗಿಯೇ ನಮಗೆ ಒಂದು ಮೊಳೆ ಹೊಡೆದುಕೊಳ್ಳಲು ಒಪ್ಪಿಗೆ ಕೊಟ್ಟರು. ಕೆಂಗೇರಿಯ ಈ ಬಾಡಿಗೆ ಮನೆಗೆ ಬಂದಾಗ ಅವರ ಮೊದಲ ಷರತ್ತೇ ಗೋಡೆ ಮುಟ್ಟಬಾರದು ಎಂದಾಗಿತ್ತು. ಹಾಗಾಗಿ ನನ್ನ ಗೋಡೆ ಗಡಿಯಾರ ಒಂದೂವರೆ ವರ್ಷದಿಂದ ಅಕ್ಕಿ ಡಬ್ಬದ ಮೇಲೆ ಅಂಗಾತ ಮಲಗಿದೆ. ಗಂಟೆ ನೋಡಬೇಕಾದರೆ ಬಾವಿಗೆ ಇಣುಕಿದ ಹಾಗೆ ಬಗ್ಗಬೇಕು. ಆಂಟಿಯ ಮಾತು ಕೇಳಿ ಅಮ್ಮನಿಗೆ ಸಂತೋಷವಾಯಿತು. ನನಗೆ ಆಗಲಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಆ ಗಡಿಯಾರ ಬಹುಮಾನವಾಗಿ ಬಂದದ್ದು. ವಿಜಯನಗರದ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ನಮ್ಮ ಮೇಡಂ ತರಗತಿಯಲ್ಲಿ ಷೇರುಪೇಟೆಯ ಆಟ ಆಡಿಸಿದರು. ಪ್ರತಿಯೊಬ್ಬರಿಗೂ ಹತ್ತು ಲಕ್ಷ ರೂಪಾಯಿ, ಬರೀ ಬಾಯಿಮಾತಿನಲ್ಲಿ. ಪೇಟೆಯ ನಿಜವಾದ ದರ ಬೋರ್ಡಿನ ಮೇಲೆ ಬರುತ್ತಿತ್ತು. ನಾವು ಕೊಂಡದ್ದು, ಮಾರಿದ್ದು ಬರೆದು ಕೊಡಬೇಕು. ಸೆಮಿಸ್ಟರ್ ಮುಗಿದಾಗ ಯಾರ ಹತ್ತಿರ ಹೆಚ್ಚಿರುತ್ತದೋ ಅವರು ಗೆದ್ದ ಹಾಗೆ. ತಾರೀಖು ಹಾಕಿ ಲೆಕ್ಕ ಬರೆಯುವುದು ನನ್ನ ಹಳೆಯ ಚಟ. ಒಂದು ಗ್ಯಾಸ್ ಸಿಲಿಂಡರ್ ಎಷ್ಟು ದಿನ ಉರಿಯಿತೆಂದೂ ಬರೆದಿಡುವವಳಿಗೆ ಇದು ಹಬ್ಬವೇ ಆಯಿತು. ಹಿಂದಿನ ಬೆಂಚಿನ ಹುಡುಗರು, "ಮಚ್ಚಾ, ಸೇಠು ಬಂದ್ರು, ಜಾಗ ಬಿಡ್ರೋ" ಎಂದು ಕಿಚಾಯಿಸುತ್ತಿದ್ದರು. ಒಳಗೊಳಗೇ ನನಗೆ ಖುಷಿ.

ಆಗ ನಾವಿದ್ದದ್ದು ಬಸವೇಶ್ವರನಗರದಲ್ಲಿ, ಲೀಸಿನ ಮನೆ. ಎಂಟು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅಷ್ಟೂ ವಾಪಸ್ಸು ಪಡೆಯುವುದು. ಡಬ್ಬಿ ತಯಾರಿಸುವ ಕಾರ್ಖಾನೆಯ ಸೂಪರ್‌ವೈಸರ್ ಆದ ನನ್ನಪ್ಪನಿಗೆ ಅದು ಸ್ವಂತ ಮನೆಯಷ್ಟೇ ಸಲಿಗೆ. ಎಲ್ಲೆಂದರಲ್ಲಿ ಮೊಳೆ: ಕ್ಯಾಲೆಂಡರಿಗೆ, ಕೊಡೆಗೆ, ಬರೀ ಮುಂದೆ ಬೇಕಾದೀತೆಂದು ಒಂದೆರಡು. ಸಂಜೆ ಬಂದು ಕೈಕಾಲು ತೊಳೆದು ಕೇಳುವ ಮೊದಲ ಮಾತು, "ಏನಮ್ಮಾ, ಇವತ್ತು ನಮ್ದು ಎಷ್ಟಾಯ್ತು?" ನಾನು ಹನ್ನೊಂದು ಲಕ್ಷ ಚಿಲ್ಲರೆ ಎಂದರೆ ಅಮ್ಮನಿಗೆ ಇನ್ನೊಂದು ಲೋಟ ಕಾಫಿ ಹೇಳುತ್ತಿದ್ದರು.

ಅಷ್ಟರಲ್ಲಿ ಓನರ್ ಮಗನಿಗೆ ಮದುವೆ ಗೊತ್ತಾಗಿ ನಮಗೆ ಮನೆ ಬಿಡಲು ಹೇಳಿದರು. ಎಂಟು ಲಕ್ಷ ಕೈಗೆ ಬಂತು. ಅದನ್ನು ಅದೇ ವಾರ ಇನ್ನೊಂದು ಮನೆಗೆ ಕಟ್ಟುವುದು ಎಲ್ಲರೂ ಮಾಡುವ ಕೆಲಸ. ಅಪ್ಪ ಬೇರೆ ಯೋಚನೆ ಮಾಡಿದ್ದರು. ಮೂರು ತಿಂಗಳು ಕುರುಬರಹಳ್ಳಿಯ ಅತ್ತೆಯ ಮನೆಯಲ್ಲಿರುವುದು, ದುಡ್ಡನ್ನು ನಾನು ತರಗತಿಯಲ್ಲಿ ಕೊಂಡ ಷೇರುಗಳಿಗೇ ಹಾಕುವುದು.

"ಅಪ್ಪ, ಅದು ಬೋರ್ಡ್ ಮೇಲಿನ ದುಡ್ಡು," ಎಂದೆ.

"ದುಡ್ಡು ಸುಳ್ಳು, ಒಪ್ತೀನಿ. ರೇಟು ನಿಜದ್ದೇ ಅಲ್ವೇನಮ್ಮ?"

ಒಗ್ಗರಣೆ ಹಾಕುತ್ತಿದ್ದ ಅಮ್ಮ ತಿರುಗದೆಯೇ ಹೇಳಿದಳು, "ಅದು ಸೂರಿನ ದುಡ್ಡು ಕಣ್ರೀ." ಅಪ್ಪ ನಕ್ಕರು.

ಮೊದಲ ತಿಂಗಳು ದರ ಏರಿತು. ಆಮೇಲೆ ಇಳಿಯಿತು, ಇಳಿಯುತ್ತಲೇ ಹೋಯಿತು. ಬೋರ್ಡಿನ ಮೇಲೆ ನನ್ನದೂ ಅಷ್ಟೇ ಇಳಿಯಿತೆಂಬುದನ್ನು ನೀವು ಮರೆಯಬಾರದು. ಒಳ್ಳೆಯ ಷೇರಾದರೆ ಸುಮ್ಮನೆ ಕಾಯಿರಿ ಎಂದಿದ್ದರು ಮೇಡಂ. ನಾನು ಕಾದೆ. ಅಪ್ಪನೂ ಕಾಯುತ್ತಿದ್ದರೇನೋ. ಆದರೆ ಅತ್ತೆಯ ಮಗಳು ಬಾಣಂತನಕ್ಕೆ ಬರುವವಳಿದ್ದಳು, ನಾವು ಮಲಗುತ್ತಿದ್ದ ಕೋಣೆ ಅವಳಿಗೆ ಬೇಕಿತ್ತು. ಅತ್ತೆ ಒಂದು ದಿನ ತೊಟ್ಟಿಲು ತಂದು ಬಾಗಿಲ ಬಳಿ ಇಟ್ಟರು. ಮರುದಿನ ಅಪ್ಪ ಎಲ್ಲವನ್ನೂ ಮಾರಿದರು. ಐದು ಲಕ್ಷ ಬಂತು. ಅಷ್ಟಕ್ಕೆ ನಮ್ಮ ಕಡೆ ಯಾರೂ ಲೀಸಿಗೆ ಮನೆ ಕೊಡಲಿಲ್ಲ. ಕೆಂಗೇರಿಗೆ, ಬಾಡಿಗೆಗೆ ಬಂದೆವು.

ಸೆಮಿಸ್ಟರ್ ಮುಗಿಯುವಷ್ಟರಲ್ಲಿ ದರ ಮತ್ತೆ ಮೇಲೆದ್ದಿತು. ಅವೇ ಷೇರು, ಅದೇ ಪೇಟೆ. ನಾನು ತರಗತಿಗೇ ಮೊದಲಿಗಳಾದೆ. ನನ್ನ ಹತ್ತು ಲಕ್ಷಕ್ಕೆ ಮಲಗಲು ಜಾಗ ಬೇಕಿರಲಿಲ್ಲ. ಗಡಿಯಾರವನ್ನು ಮನೆಗೆ ತಂದ ದಿನ ಅಪ್ಪ ಅದನ್ನು ತಿರುಗಿಸಿ ನೋಡಿ, ಚೆನ್ನಾಗಿದೆ ಎಂದರು. ನಾನು ಆಂಟಿಯನ್ನು ಒಂದು ಮೊಳೆಗೆ ಕೇಳುತ್ತೇನೆಂದಾಗ ಮಾತ್ರ ತಡೆದರು: "ಬೇಡ ಬಿಡಮ್ಮ. ನಾವೇನು ಇಲ್ಲೇ ಇರ್ತೀವಾ?"

ಆ ಒಂದು ಮಾತನ್ನು ಹಿಡಿದುಕೊಂಡೇ ನಾವು ಮೂವರೂ ಇಲ್ಲಿದ್ದೆವು. ಪ್ರತಿ ಭಾನುವಾರ ಅಪ್ಪ ಮೆಟ್ರೋ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿದು ಲೀಸಿನ ಬೋರ್ಡು ನೋಡುತ್ತಾ ನಡೆಯುತ್ತಿದ್ದರು. ಕೇಳುವ ಮೊತ್ತ ಪ್ರತಿ ಸಲವೂ ನಮ್ಮದನ್ನು ಬಿಟ್ಟು ಇನ್ನಷ್ಟು ಮುಂದೆ ಹೋಗಿರುತ್ತಿತ್ತು. ನಮ್ಮದು ಎಷ್ಟಾಯ್ತು ಎಂದು ಅವರು ಮತ್ತೆಂದೂ ಕೇಳಲಿಲ್ಲ. ಕೊನೆಯ ಸಲ ಕೇಳಿದ ತಾರೀಖನ್ನು ಮಾತ್ರ ನಾನು ಎಲ್ಲೂ ಬರೆದಿಟ್ಟಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಅಪ್ಪ ಬಂದರು. ಅಮ್ಮ ಮೊಳೆಯ ವಿಷಯ ಹೇಳಿದಳು. ನನಗೆ 'ನಾವೇನು ಇಲ್ಲೇ ಇರ್ತೀವಾ' ಎಂಬ ಆ ಹಳೆಯ ಮಾತು ಇನ್ನೊಮ್ಮೆ ಕೇಳಬೇಕಿತ್ತು. ಅವರು ಕೈಕಾಲು ತೊಳೆದು, ಪೆಟ್ಟಿಗೆಯ ತಳದಿಂದ ಸುತ್ತಿಗೆ ಹುಡುಕಿ, ಗಾರೆ ಉದುರದ ಹಾಗೆ ಮೆಲ್ಲಗೆ ಹೊಡೆಯತೊಡಗಿದರು.

"ಭಾನುವಾರ ಚಂದ್ರಾ ಲೇಔಟಲ್ಲಿ ಒಂದು ಮನೆ ನೋಡ್ಬೇಕು ಅಂದಿದ್ರಲ್ಲ, ಅಪ್ಪ," ಎಂದೆ.

"ಬಿಡಮ್ಮ," ಎಂದರು ಗಡಿಯಾರ ತೂಗುಹಾಕುತ್ತಾ. "ಓನರ್ ಅಮ್ಮನಿಗೆ ಹೇಳು, ಒಂದೇ ಮೊಳೆ ಹೊಡೆದಿರೋದು ಅಂತ."

ಈಗ ಮನೆಯ ಯಾವ ಮೂಲೆಯಲ್ಲಿ ನಿಂತರೂ ಗಂಟೆ ಕಾಣುತ್ತದೆ.