ಮೊದಲು ಬಾಟಲಿ, ಆಮೇಲೆ ಔಷಧಿ

ಪಂಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಪಂಪು ತಂದುಕೊಟ್ಟ ಹೆಸರು. ಹಣ್ಣು ತರಕಾರಿ ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜಿಗೆ ಮೀಸೆ ಚಿಗುರುವ ಮುಂಚೆ ಸೇರಿದವನು. ಈಗ ಆ ಮೀಸೆಯೆಲ್ಲ ಬಿಳಿ. ಯಂತ್ರಗಳ ಬಿಸಿ ಹೊತ್ತು ಬಂದ ನೀರನ್ನು ತಾರಸಿಯ ಮೇಲಿನ ಟವರು ಮಳೆಯಂತೆ ಸುರಿಸಿ, ಫ್ಯಾನಿನ ಗಾಳಿಗೆ ಆರಿಸಿ, ಮತ್ತೆ ಕೆಳಗೆ ಕಳಿಸುತ್ತಿತ್ತು. ಆ ನೀರು, ಅದನ್ನು ಮೇಲೇರಿಸುವ ಪಂಪು, ಆ ಫ್ಯಾನು, ಟವರಿನ ಬುಡದ ತೊಟ್ಟಿಯ ಲೋಳೆ, ಎಲ್ಲ ಅವನ ಪಾಲಿನದು. ಫ್ಯಾನಿನ ಬಾಯಿಂದ ಹೊರಟ ತುಂತುರು ತೇಲುತ್ತಾ ಹಿಂದಿನ ಸಾಲುಮನೆಗಳ ಮೇಲೆ ಇಳಿಯುತ್ತಿತ್ತು. ಅವನ ಮನೆಯೂ ಅಲ್ಲೇ. ಪುಕ್ಕಟೆ ತಂಪು ಬಿಡುವುದು ಯಾಕೆಂದು ಸಾಲಿನವರೆಲ್ಲ ಸೆಕೆಗಾಲದಲ್ಲಿ ಕಿಟಕಿ ತೆರೆದಿಡುತ್ತಿದ್ದರು.

ಪಕ್ಕದ ಮನೆಯಲ್ಲಿ ಅವನ ಹೆಂಡತಿಯ ಚಿಕ್ಕಮ್ಮ ಇದ್ದಳು. ತಾಯಿಯಿಲ್ಲದ ಕೂಸನ್ನು ಎತ್ತಿ ಆಡಿಸಿ, ಬೆಳೆಸಿ, ಇವನ ಕೈಗೆ ಕೊಟ್ಟವಳು. ಹೊಲಿಗೆ ಮಿಷನ್ನನ್ನು ಕಿಟಕಿಗೆ ಒತ್ತಿ ಇಟ್ಟುಕೊಂಡು, ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು. "ಅಳಿಯಂದಿರ ಟವರು ಇರೋವಾಗ ನಂಗೆ ಫ್ಯಾನು ಯಾಕ್ರೀ?" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ತಿಂಗಳಿಗೊಮ್ಮೆ ಲ್ಯಾಬಿನಿಂದ ಒಬ್ಬಳು ಹುಡುಗಿ ನೀರು ಒಯ್ಯಲು ಬರುತ್ತಿದ್ದಳು. ಎಲ್ಲರ ಬಾಯಲ್ಲಿ ಅವಳು ಬಾಟಲಿ ಮೇಡಂ. ಬೆಚ್ಚಗಿನ ತೊಟ್ಟಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಬೆಳೆಯುತ್ತದೆ, ತುಂತುರಿನ ಜೊತೆ ಹೋಗಿ ಉಸಿರಿನಲ್ಲಿ ಇಳಿದರೆ ಶ್ವಾಸಕೋಶವನ್ನೇ ಕೆಡಿಸುತ್ತದೆ ಎಂದು ಮೊದಲ ದಿನವೇ ತಿಳಿಸಿ ಹೇಳಿದ್ದಳು. ನಿಯಮ ಸುಲಭ: ಮೊದಲು ಬಾಟಲಿ ತುಂಬಬೇಕು, ಆಮೇಲೆ ತೊಟ್ಟಿಗೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಪಂಪಣ್ಣ ತಲೆಯಾಡಿಸಿದ್ದ. ಆಫೀಸಿನವರ ಹತ್ತಾರು ಶಾಸ್ತ್ರಗಳಲ್ಲಿ ಇದೂ ಒಂದು ಎಂದುಕೊಂಡಿದ್ದ.

ಒಂದು ಸಲ ಅವಳು ಕಬ್ಬಿಣದ ಏಣಿ ಹತ್ತಿ ಬಂದು ಏದುಸಿರು ಬಿಡುತ್ತಾ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಪಂಪಣ್ಣನದು ಮಕ್ಕಳಿಲ್ಲದ ಮನೆ. ಬಸುರಿಯ ಮುಖದ ಮೇಲೆ ಆ ತುಂತುರು ಬೀಳುವುದನ್ನು ನೋಡಿ ಅವನ ಕರುಳು ಚುರುಕ್ಕೆಂದಿತು. ಮುಂದಿನ ತಿಂಗಳಿನಿಂದ ಅವಳು ಬರುವ ದಿನ ಬೆಳಿಗ್ಗೆಯೇ ತೊಟ್ಟಿಗೆ ಔಷಧಿ ಸುರಿದ, ಫ್ಯಾನು ನಿಲ್ಲಿಸಿದ. ರಜೆಯಲ್ಲಿ ಅವಳ ಬದಲು ಬಂದವರಿಗೂ ರೂಢಿಯಂತೆ ಹಾಗೆಯೇ ಮಾಡಿದ; ಹೆರಿಗೆ ಮುಗಿಸಿ ಅವಳು ಕೆಲಸಕ್ಕೆ ಮರಳಿದ ಮೇಲೂ ಬಿಡಲಿಲ್ಲ. ಪ್ರತಿ ಸಲವೂ ನೀರು ಚೊಕ್ಕ ಎಂದು ವರದಿ ಬಂತು. ಇಷ್ಟು ಚೊಕ್ಕ ನೀರಿಗೆ ಇಷ್ಟೊಂದು ಔಷಧಿ ಯಾಕೆಂದು ಆಫೀಸು ಡಬ್ಬಗಳನ್ನು ಕಡಿಮೆ ಮಾಡಿತು, ತೊಟ್ಟಿ ತೊಳೆಯುವುದನ್ನು ಮುಂದಕ್ಕೆ ಹಾಕಿತು.

ಸೆಕೆ ಏರಿದಾಗ ಚಿಕ್ಕಮ್ಮನಿಗೆ ಜ್ವರ ಬಂತು. ಬರೀ ಕೆಮ್ಮು ಎಂದವಳು ಎರಡು ದಿನದಲ್ಲಿ ಆಸ್ಪತ್ರೆ ಸೇರಿದಳು. ಡಾಕ್ಟರು ಟವರಿನ ಬಗ್ಗೆ ವಿಚಾರಿಸಿದರು; ಆಫೀಸು ವರದಿಗಳನ್ನು ಕಳಿಸಿತು; ಅವರು ಬೇರೆ ಕಾರಣ ಹುಡುಕಲು ಹೋದರು. ಪಂಪಣ್ಣ ಹೆಂಡತಿಗೆ, ನಮ್ಮ ನೀರಿನದ್ದಂತೂ ಅಲ್ಲ, ಅಷ್ಟು ನಿಶ್ಚಿಂತೆಯಾಗಿರು ಎಂದ.

ಮಾರನೆಯ ದಿನ ಬಾಟಲಿ ಮೇಡಂ ಬಂದಳು.

"ಪಂಪಣ್ಣ, ನಾನು ಬಂದಾಗೆಲ್ಲ ಈ ಫ್ಯಾನು ನಿಂತೇ ಇರುತ್ತಲ್ಲ. ಕೆಟ್ಟಿದ್ಯಾ?"

"ಕೆಟ್ಟಿಲ್ಲಮ್ಮ. ಹಾಲು ಕುಡಿಸೋ ತಾಯಿ, ನಿನ್ನ ಮೈಗೆ ಆ ಹನಿ ಸೋಕಬಾರ್ದು ಅಂತ ನಾನೇ ನಿಲ್ಲಿಸ್ತೀನಿ. ಔಷಧೀನೂ ಬೆಳಿಗ್ಗೆನೇ ಹಾಕಿಬಿಡ್ತೀನಿ."

ಮುಚ್ಚಳ ತಿರುಗಿಸುತ್ತಿದ್ದ ಅವಳ ಕೈ ನಿಂತಿತು. "ಯಾವಾಗಿಂದ?"

"ನಿನ್ನ ಹೊಟ್ಟೆ ಕಾಣೋಕೆ ಶುರುವಾದಾಗಿಂದ."

ಅವಳು ಒದ್ದೆ ನೆಲದ ಮೇಲೇ ಕುಳಿತಳು. "ಅಣ್ಣ, ಮುಖ ತೊಳೆಸಿ ಫೋಟೋ ತೆಗೆದಂಗಾಯ್ತು. ಬ್ಯಾಕ್ಟೀರಿಯಾ ಸತ್ತ ನೀರು ಒಯ್ದು, ನೀರು ಒಳ್ಳೇದು ಅಂತ ಬರೆದಿದ್ದೀನಿ. ಫ್ಯಾನಿನ ವಿಷ್ಯ ಒಂದ್ಸಲ ಆದ್ರೂ ನಾನು ಕೇಳ್ಬೇಕಿತ್ತು."

ಅವನು ಚಿಕ್ಕಮ್ಮನ ಜ್ವರದ ವಿಷಯ ಹೇಳಿದ. ಅವಳು, ಇನ್ನು ಮೇಲೆ ನೀರು ತೆಗೆದರೆ ಬ್ಯಾಕ್ಟೀರಿಯಾ ಬೆಳೆದು ಕಾಣಲು ದಿನಗಟ್ಟಲೆ ಬೇಕು, ಆಸ್ಪತ್ರೆಯವರು ಅಲ್ಲಿಯವರೆಗೆ ಕಾಯುವಂತಿಲ್ಲ, ಲ್ಯಾಬಿಗೆ ನಾನು ಹೇಳುತ್ತೇನೆ, ಡಾಕ್ಟರಿಗೆ ನೀವು ಹೇಳಿ ಎಂದಳು. ಹೇಳಿದರೆ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೆಂಡತಿ ಚಿಕ್ಕಮ್ಮನ ಹಾಸಿಗೆಯ ಪಕ್ಕದಲ್ಲೇ ಕುಳಿತಿರುತ್ತಾಳೆಂಬುದೂ ಗೊತ್ತಿತ್ತು. ಟವರಿಗೆ ಹೋಗುವ ನೀರು ನಿಲ್ಲಿಸಿ ಆಸ್ಪತ್ರೆಗೆ ನಡೆದ.

ಅವನು ಹೇಳಿ ಮುಗಿಸುವವರೆಗೂ ಹೆಂಡತಿ ಚಿಕ್ಕಮ್ಮನ ಕಾಲು ಒತ್ತುತ್ತಲೇ ಇದ್ದಳು, ತಲೆಯೆತ್ತಲಿಲ್ಲ. ಡಾಕ್ಟರು ಬೇರೆ ಪರೀಕ್ಷೆ ಮಾಡಿಸಿದರು, ಔಷಧಿ ಬದಲಿಸಿದರು. ತೊಟ್ಟಿಯ ಬ್ಯಾಕ್ಟೀರಿಯಾವೇ ಹೌದೆಂದು ಪರೀಕ್ಷೆ ಹೇಳಿತು. ಚಿಕ್ಕಮ್ಮನ ಎದೆ ಮಾತ್ರ ಹೊಸ ಔಷಧಿಗೆ ಕಾಯದೆ ನಿಂತುಹೋಯಿತು. ಸಾಲಿನ ಕೊನೆಯ ಮನೆಯ ಡ್ರೈವರನಿಗೂ ಅದೇ ಜ್ವರ ಶುರುವಾಗಿತ್ತು. ಸರಿಯಾದ ಔಷಧಿ ಬೇಗ ಬಿದ್ದದ್ದರಿಂದ ಅವನು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದ.

ಟವರು ಬಿಚ್ಚಿ ತೊಳೆಯುವವರು ಬಂದರು. ಮ್ಯಾನೇಜರು ಪಂಪಣ್ಣನ ಕೈಯಿಂದ ಬೀಗದ ಕೈ ತೆಗೆದುಕೊಳ್ಳುತ್ತಾ, "ಅಂತಃಕರಣ ಮನೇಲಿಟ್ಟು ಬರ್ಬೇಕಿತ್ತು ಮಾರಾಯ" ಎಂದರು. ಔಷಧಿಯ ಡಬ್ಬ ಕಡಿಮೆ ಮಾಡಿದ್ದು ಯಾರೆಂದು ಕೇಳದೆ ಅವನು ಗೇಟಿನತ್ತ ನಡೆದ.

ಮಣ್ಣು ಮಾಡಿ ಬಂದ ಸಂಜೆ ಹೆಂಡತಿ ಚಿಕ್ಕಮ್ಮನ ಮನೆಯಲ್ಲಿ ಗಿರಾಕಿಗಳ ಬಟ್ಟೆಗಳನ್ನು ಅವರವರ ಗಂಟಿಗೆ ಕಟ್ಟುತ್ತಿದ್ದಳು. ಅರ್ಧ ಹೊಲಿದದ್ದು ಒಂದು ಕಡೆ, ಕತ್ತರಿಸದೆ ಉಳಿದದ್ದು ಇನ್ನೊಂದು ಕಡೆ. ಅವನು ಬಾಗಿಲಲ್ಲಿ ನಿಂತ.

"ಡಾಕ್ಟರ ಹತ್ರ ಹೋಗಿ ಹೇಳಿದ್ರಲ್ಲ, ಅದು ಸರಿಯಾಯ್ತು," ಎಂದಳು ಗಂಟಿನಿಂದ ಕಣ್ಣು ಕೀಳದೆ. "ಆದ್ರೆ ಸ್ವಲ್ಪ ದಿನ ನನ್ನ ಮಾತಾಡಿಸ್ಬೇಡಿ."

ಅವನು ಹೊಸ್ತಿಲ ಆಚೆಯೇ ಕುಳಿತ. ಕತ್ತಲಾದ ಮೇಲೆ ಅವಳು ಅವನನ್ನು ದಾಟಿ ಹೋದಳು; ಪಕ್ಕದ ತಮ್ಮ ಮನೆಯಿಂದ ತಟ್ಟೆ ಇಟ್ಟ ಸದ್ದಾಯಿತು. ಒಂದೋ, ಎರಡೋ ತಿಳಿಯಲಿಲ್ಲ. ಕರೆ ಬರಲೆಂದು ಕಾದ, ಬರಲಿಲ್ಲ. ಮನೆಯ ಬಾಗಿಲು ಮಾತ್ರ ತೆರೆದೇ ಇತ್ತು. ಅವನು ಎದ್ದು, ಚಪ್ಪಲಿ ಬಿಟ್ಟು, ಸದ್ದಾಗದಂತೆ ಒಳಗೆ ಹೋದ.