ಅಕ್ಕಿ ತೊಳೆದ ನೀರು ಕುಡಿದ ಕಳ್ಳಿ

ಮೊನ್ನೆ ನಮ್ಮ ಬೀದಿಯ ಅಂಗಡಿಯವನು ಸೋನಾ ಮಸೂರಿಯ ಬದಲು ಕುಚ್ಚಲಕ್ಕಿ ಕಳಿಸಿಬಿಟ್ಟಿದ್ದ. ವಾಪಸು ಕಳಿಸಲು ಸೋಮಾರಿತನ. ಇರಲಿ, ಒಂದು ದಿನ ಉಂಡರೆ ಏನಾಯಿತು ಎಂದು ತೊಳೆಯಲು ನಿಂತೆ. ಕೆಂಪಗೆ ಕದಡಿದ ಆ ನೀರಿನಿಂದ ತೌಡಿನ ವಾಸನೆ ಎದ್ದಿತು ನೋಡಿ... ಮೈಸೂರಿನ ಅಡುಗೆಮನೆಯಲ್ಲಿದ್ದವಳು ಸೀದಾ ಒಮಾನಿನ ದಾರ್ಸೈಟಿನ ಎರಡನೆಯ ಮಹಡಿಗೆ, ಎದುರು ಮನೆ ಆಂಟಿಯ ಬಾಗಿಲಿಗೆ ಹೋಗಿ ನಿಂತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಒಮಾನಿಗೆ ಹೋದವಳು ನಾನು. ಗಂಡ ಆಫೀಸಿಗೆ ಹೊರಟ ಮೇಲೆ ಮನೆಯಲ್ಲಿ ಎಸಿಯ ಸದ್ದೊಂದೇ. ಆಂಟಿ ಉಡುಪಿ ಕಡೆಯ ಕ್ರಿಶ್ಚಿಯನ್ನರು. ಮನೆಯೊಳಗೆ ಕೊಂಕಣಿ, ನನ್ನ ಜೊತೆ ಅವರ ಊರಿನ ಕನ್ನಡ. ಅವರ ಮನೆಗೆ ಹೋಗಿ ಏನೂ ತಿನ್ನದೆ ಹಿಂದಿರುಗಿದವರನ್ನು ನಾನು ಕಾಣೆ. ಗ್ಯಾಸ್ ಸಿಲಿಂಡರ್ ತರುವವನೂ ಒಂದು ತುಂಡು ಕೇಕ್ ಬಾಯಿಗೆ ಹಾಕಿಕೊಂಡೇ ಮೆಟ್ಟಿಲಿಳಿಯಬೇಕು. ಮೀನು ಮುಟ್ಟದ ನನಗಾಗಿ ಬೇರೆ ಪಾತ್ರೆಯನ್ನೇ ಎತ್ತಿಟ್ಟಿದ್ದರು.

ಅವರಿಗೆ ಒಬ್ಬಳೇ ಮಗಳು. ಅಂಕಲ್ ಅವರ ಕೆಲಸ ಯಾವಾಗ ಮುಗಿಯುತ್ತದೋ ಹೇಳಲಾಗದು, ನಡುವೆ ಶಾಲೆ ಬಿಡಿಸುವ ಹಾಗಾಗಬಾರದು ಎಂದು ಹೈಸ್ಕೂಲಿಗೆ ಅವಳನ್ನು ಮಂಗಳೂರಿನ ಹಾಸ್ಟೆಲಿಗೆ ಹಾಕಿದರು. ಹುಡುಗಿಗೆ ಕೆಂಡದಂಥ ಸಿಟ್ಟು. ಹೋಗುವಾಗ ಗೆಳತಿ ಕೊಟ್ಟಿದ್ದ ಒಂದು ಕಳ್ಳಿಗಿಡವನ್ನು ತನ್ನ ಕೋಣೆಯಲ್ಲಿ ಬಿಟ್ಟುಹೋದಳು. ಮೊಳದುದ್ದದ, ಕಂಬದ ಹಾಗೆ ನೆಟ್ಟಗಿದ್ದ ಗಿಡ. ವಾರದ ರಜೆ ಅಲ್ಲಿ ಶುಕ್ರವಾರ. ಅಂದು ಇಗರ್ಜಿಯ ಪೂಜೆ ಮುಗಿಸಿ ಬರುವಾಗ ಆಂಟಿ ರೂವಿ ಪೇಟೆಯ ಬೂತಿನಿಂದ ಹಾಸ್ಟೆಲಿಗೆ ಫೋನ್ ಮಾಡುತ್ತಿದ್ದರು. ಊಟ, ಓದು, ಜ್ವರ ಎಲ್ಲವನ್ನೂ ವಿಚಾರಿಸುತ್ತಿದ್ದರು. ಅವಳು ತಿರುಗಿ ಕೇಳುತ್ತಿದ್ದದ್ದು ಒಂದೇ, ನನ್ನ ಗಿಡ ಹೇಗಿದೆ?

ಚೆನ್ನಾಗಿದೆ ಎಂದು ಆಂಟಿ ಹೇಳುತ್ತಿದ್ದರು. ಆದರೆ ಗಿಡ ಸೊಂಟ ಮುರಿದವರ ಹಾಗೆ ಗೋಡೆಗೆ ಒರಗಿತ್ತು.

ಅದರಲ್ಲಿ ಯಾರದೂ ಕೆಟ್ಟ ಮನಸ್ಸಿರಲಿಲ್ಲ. ಆಂಟಿಯ ಊರಿನಲ್ಲಿ ಅಕ್ಕಿ ತೊಳೆದ ನೀರನ್ನು ಚೆಲ್ಲುವ ಪದ್ಧತಿಯೇ ಇಲ್ಲ, ಒಂದೋ ದನಕ್ಕೆ, ಇಲ್ಲವೇ ಮಲ್ಲಿಗೆ ಬುಡಕ್ಕೆ. ದಾರ್ಸೈಟಿನ ಫ್ಲಾಟಿನಲ್ಲಿ ದನವನ್ನು ಎಲ್ಲಿಂದ ತರೋಣ, ಮಲ್ಲಿಗೆಯನ್ನು ಎಲ್ಲಿ ನೆಡೋಣ? ಮನೆಯಲ್ಲಿ ಜೀವವಿದ್ದ ಗಿಡ ಅದೊಂದೇ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಲೋಟ ಅದಕ್ಕೇ. ಸಾಲದ್ದಕ್ಕೆ, ಬಿಸಿಲು ತಡೆಯಲು ಎಲ್ಲರ ಹಾಗೆ ಅವರೂ ಕಿಟಕಿಯ ಗಾಜಿಗೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಬೆಳ್ಳಿಹಾಳೆ ಅಂಟಿಸಿದ್ದರು, ಗಿಡಕ್ಕೆ ಬೆಳಕೂ ಇಲ್ಲ. ಗಿಡ ಬಾಗಿದಷ್ಟೂ ಬಾಯಾರಿದೆ ಎಂದುಕೊಂಡು ಇನ್ನೊಂದು ಲೋಟ!

ಒಂದು ದಿನ ನನ್ನನ್ನು ಕರೆದು ತೋರಿಸಿದರು. ಚಮಚದಿಂದ ಮಣ್ಣು ಕೆದಕಿದೆ. ಹುಳಿ ಬಂದ ದೋಸೆಹಿಟ್ಟಿನ ವಾಸನೆ. ಬುಡ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿತ್ತು.

"ಆಂಟಿ, ಇದು ಬಾಯಾರಿಲ್ಲ. ಕೊಳೀತಾ ಇದೆ."

ಅವರು ಮಗಳ ಮಂಚದ ಮೇಲೆ ಕೂತರು. ಅಂಕಲ್ ಬಾಗಿಲಲ್ಲಿ ನಿಂತು ಸುಲಭದ ದಾರಿ ಹೇಳಿದರು. "ಎಂತಕ್ಕೆ ಇಷ್ಟು ಬೇಜಾರು? ಇಂಥದ್ದೇ ಒಂದು ಹೊಸತು ತಂದು ಇಡುವ. ಅವಳಿಗೆ ಹೇಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ತದಲ್ಲಾ?" ಎಂದು ಆಂಟಿ ಎದ್ದರು. "ಪ್ರತಿ ವಾರ ಚಂದ ಉಂಟು ಹೇಳಿ ಸುಳ್ಳು ಹೇಳಿದ್ದೇನೆ. ಇನ್ನು ಆ ಸುಳ್ಳು ನಿಜ ಆಗ್ಬೇಕು."

ಅವತ್ತೇ ಚಾಕು ತಂದರು. ನಾನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡೆ, ಆದರೂ ಮುಳ್ಳು ನಾಟಿತು. ಕೊಳೆತದ್ದನ್ನೆಲ್ಲ ಅವರು ಕೊಯ್ದು ತೆಗೆದರು. ಒಳಗೆ ಹಸಿರು ಕಾಣುವವರೆಗೆ ಕೊಯ್ಯುತ್ತಲೇ ಹೋದರು. ಅರ್ಧ ಗಿಡ ಉಳಿಯಿತು. ಹುಣ್ಣಿಗೆ ಅರಿಶಿನ ಎನ್ನುವ ಮನೆಯಿಂದ ಬಂದವಳು ನಾನು, ಕೊಯ್ದ ಜಾಗಕ್ಕೆ ಅದನ್ನೇ ಬಳಿದೆ. ತಕ್ಷಣ ಮಣ್ಣಿಗಿಡಲು ಹೊರಟರೆ ಆಂಟಿ ಕೈ ಹಿಡಿದರು.

"ಉಪ್ಪಿನಕಾಯಿಗೆ ಕೊಯ್ದ ಮಾವಿನಕಾಯಿಯನ್ನು ನೀರು ಆರದೆ ಭರಣಿಗೆ ಹಾಕಿದ್ರೆ ಎಂತ ಆಗ್ತದೆ? ಬೂಸ್ಟು ಬರ್ತದೆ. ಇದೂ ಆರ್ಲಿ."

ಗಿಡ ಪೇಪರಿನ ಮೇಲೆ ಮಲಗಿತು. ಕೊಯ್ದ ಗಾಯ ಗಟ್ಟಿಯಾಗಿ ಚರ್ಮದಂತಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅಷ್ಟರಲ್ಲಿ ನಾವಿಬ್ಬರೂ ಕಟ್ಟಡದ ಹಿಂದಿನ ಒಣ ವಾದಿಗೆ ಹೋಗಿ, ಮಳೆ ಬಂದಾಗ ಮಾತ್ರ ನೀರು ಕಾಣುವ ಆ ಹಳ್ಳದಿಂದ ಮರಳು, ಸಣ್ಣ ಕಲ್ಲು ತುಂಬಿಕೊಂಡು ಬಂದೆವು. ನೋಡಿದವರು ಹುಚ್ಚಿಯರು ಎಂದುಕೊಂಡಿರಬೇಕು. ಗಾಯ ಒಣಗಿದ ಮೇಲೆ ಗಿಡವನ್ನು ಆ ಮರಳಿನ ಕುಂಡದಲ್ಲಿ ನೆಟ್ಟೆವು. ಕಿಟಕಿಯ ಬೆಳ್ಳಿಹಾಳೆಯನ್ನು ಆಂಟಿ ಉಗುರಿನಿಂದ ಕೆರೆದು ತೆಗೆದರು. ಕೋಣೆ ಕಾದು ಬಾಣಲೆಯಾಯಿತು. ಅಂಕಲ್ ಗೊಣಗಿದರು. ಆಂಟಿ ಕಿವಿಗೇ ಹಾಕಿಕೊಳ್ಳಲಿಲ್ಲ. ಒಮ್ಮೆಲೇ ಬಿಸಿಲಿಗಿಟ್ಟರೆ ಸುಟ್ಟೀತು ಎಂದು ಪರದೆ ಎಳೆದು, ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಸರಿಸಿದರು.

ಇದೆಲ್ಲ ಮಾಡುವ ಕೆಲಸ, ಅವರು ಮಾಡಿದರು. ಮಾಡದೆ ಇರುವುದೇ ಅವರಿಗೆ ಕಷ್ಟವಾಗಿದ್ದು. ಬೇರು ಬರುವವರೆಗೆ ನೀರು ಕೊಡಬಾರದು. ಬಂದವರಿಗೆಲ್ಲ ಬಡಿಸಿದ ಕೈ ಅದು! ಅಕ್ಕಿ ತೊಳೆದ ಪಾತ್ರೆ ಹಿಡಿದು ನನ್ನ ಬಾಗಿಲಿಗೆ ಬರುತ್ತಿದ್ದರು. "ಇದನ್ನು ನೀನೇ ಚೆಲ್ಲು ಮಾರಾಯ್ತಿ. ನನ್ನ ಮನೆಯಲ್ಲಿದ್ರೆ ಅದಕ್ಕೇ ಹಾಕಿಬಿಡ್ತೇನೆ."

ಕ್ರಿಸ್ಮಸ್ ಕಳೆಯಿತು. ಗಿಡ ಸುಕ್ಕುಗಟ್ಟಿತು, ಆದರೆ ಬಾಗಲಿಲ್ಲ. ಒಂದು ಮಧ್ಯಾಹ್ನ ಆಂಟಿ ಅದನ್ನು ಮೆಲ್ಲಗೆ ಎಳೆದು ನೋಡಿದವರು ಕೂಗಿಕೊಂಡರು, "ಬರುದಿಲ್ಲ! ಬೇರು ಹಿಡ್ಕೊಂಡಿದೆ ಮಾರಾಯ್ತಿ!" ಇಬ್ಬರೂ ನೆಲದ ಮೇಲೆ ಕೂತು ನಕ್ಕೆವು. ಆಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾರ್ಚ್ ಹೊತ್ತಿಗೆ ತುದಿಯಲ್ಲಿ ಎಳೆ ಹಸಿರು ಬಂದಿತ್ತು.

ಬೇಸಿಗೆ ರಜೆಗೆ ಮಗಳು ಬಂದಾಗ ನಾನು ಹೆರಿಗೆಗೆಂದು ಮೈಸೂರಿನಲ್ಲಿದ್ದೆ. ಹಿಂದಿರುಗಿದ ಮೇಲೆ ಆಂಟಿಯೇ ಹೇಳಿದರು. ಹುಡುಗಿ ಗಿಡವನ್ನು ಒಂದು ಗಳಿಗೆ ನೋಡಿ, "ಮಮ್ಮಿ, ದಿಸ್ ಇಸ್ ನಾಟ್ ಮೈನ್. ಹೊಸತು ತಂದಿಟ್ಟಿದ್ದೀರಿ" ಎಂದಳಂತೆ. ಆಂಟಿ ಫೋನಿನ ಸುಳ್ಳು ಸಮೇತ ಎಲ್ಲವನ್ನೂ ಒಪ್ಪಿಸಿದರಂತೆ. ಅವಳು ಗಿಡಕ್ಕೆ ಬೆನ್ನು ಹಾಕಿ ಪೆಟ್ಟಿಗೆ ಬಿಚ್ಚತೊಡಗಿದಳಂತೆ. ಒಮ್ಮೆ ಸುಳ್ಳು ಹೇಳಿದವರ ನಿಜವನ್ನು ಮಕ್ಕಳು ಅಷ್ಟು ಬೇಗ ನಂಬುವುದಿಲ್ಲ.

ನನಗೆ ಮೈಯೆಲ್ಲ ಉರಿಯಿತು. "ನಾನು ಅವಳಿಗೆ ಬರೀತೀನಿ ಆಂಟಿ" ಎಂದೆ.

"ಬೇಡ. ತಾಯಿಯ ಮಾತಿಗೆ ಸಾಕ್ಷಿ ಕರೀಬೇಕಾ? ಗಿಡ ಬದುಕಿತಲ್ಲ, ಸಾಕು."

ಸಾಕಾಗಿರಲಿಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಮರುವರ್ಷ ಅಂಕಲ್ ಅವರ ಕೆಲಸ ಖಲಾಸ್ ಆಗಿ ಅವರು ಊರಿಗೆ ಹೊರಟರು. ಗಿಡ ನನ್ನಲ್ಲಿ ಉಳಿಯಿತು. ತೊಂಬತ್ತರ ದಶಕದ ಕೊನೆಗೆ ನಾವೂ ಹೊರಟಾಗ ಅಲ್ಲಿಯೇ ಅಲ್ ಮಬೇಲಾ ಎಂಬ ಬಡಾವಣೆಯ ಒಂದು ಮನೆಗೆ ಕೊಟ್ಟು ಬಂದೆ. ಈಗ ಎಲ್ಲಿದೆಯೋ... ಆಂಟಿಯ ಕಾಗದಗಳು ಕಡಿಮೆಯಾದವು, ಆಮೇಲೆ ನಿಂತೇ ಹೋದವು. ಗಲ್ಫಿನ ನೆರೆಹೊರೆ ಹಾಗೆಯೇ. ಒಂದೇ ಅಂಗಳದವರಂತೆ ಬದುಕಿ, ಆಮೇಲೆ ಯಾರ ಸಾವಿಗೂ ಯಾರೂ ಬರುವುದಿಲ್ಲ.

ಹೋದ ವರ್ಷ ಆ ಮಗಳು ಎಲ್ಲಿಂದಲೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದಳು. ಆಂಟಿ ತೀರಿಕೊಂಡು ಆಗಲೇ ಕೆಲವು ತಿಂಗಳಾಗಿತ್ತು. ನನಗೆ ಅಳು ಬಂತು. ಆಮೇಲೆ ಅವಳು ಕೇಳಿದಳು, "ಅಕ್ಕಾ, ಆ ಕಳ್ಳಿ... ಅದು ನಂದೇ ಆಗಿತ್ತಾ?"

"ನಿಂದೇ ಕಣೇ. ಹಿಡ್ಕೊಂಡಿದ್ದವಳು ನಾನು, ಕೊಯ್ದವರು ನಿನ್ನಮ್ಮ."

"ಮಮ್ಮಿ ಹೇಳಿದ್ದು ನಿಜ ಹಾಗಾದ್ರೆ" ಎಂದಳು. ಆ ಮಾತನ್ನು ಕೇಳಬೇಕಾಗಿದ್ದವರು ನಾನಲ್ಲ.