ದೋಣಿ ಮುದುಕಿ ಎದ್ದಳೇ?

ಆ ಮುದುಕಿ ಎದ್ದು ನಿಂತದ್ದನ್ನು ಅವತ್ತು ನಾನು ಕಣ್ಣಾರೆ ಕಂಡೆನೋ, ಅಕ್ಕನ ಮನೆಯ ಪಡಸಾಲೆಯಲ್ಲಿ ಊಟವಾದ ಮೇಲಿನ ಜೊಂಪಿನಲ್ಲಿ ಕಂಡೆನೋ, ಖಾತ್ರಿಯಿಂದ ಹೇಳಲಾರೆ. ನಾನು ಧಾರವಾಡದಲ್ಲಿ ತತ್ವಶಾಸ್ತ್ರ ಓದಿದವನು. ನೆನಪನ್ನು ಸಾಕ್ಷಿಯೆಂದು ನಂಬಬೇಡಿ ಎಂದು ಸವಣೂರಿನ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತೇನೆ. ಆದರೂ ಅವಳು ಎದ್ದಳು ಎಂದೇ ಬರೆದಿದ್ದೆ, ಅದು ಪ್ರಕಟವೂ ಆಗಿತ್ತು.

ಮುದುಕಿ ಇದ್ದದ್ದು ಒಂದು ಕಂಪ್ಯೂಟರ್ ಆಟದಲ್ಲಿ. ಅರ್ಧ ನೀರಲ್ಲಿ ಮುಳುಗಿದ ಒಂದು ನಾಡು, ಅದರಲ್ಲಿ ನಾವೊಬ್ಬ ದಾರಿಹೋಕ. ಊರಿಂದೂರಿಗೆ ನಡೆಯುತ್ತ, ಮಂತ್ರ ಕಲಿಯುತ್ತ, ಸಿಕ್ಕವರನ್ನು ಮಾತಾಡಿಸುತ್ತ ಹೋಗಬೇಕು. ಹೊಳೆಯ ದಂಡೆಯಲ್ಲಿ ಕಂದೀಲು ಇಟ್ಟುಕೊಂಡು ಕೂತ ಈ ಮುದುಕಿ ದೋಣಿ ದಾಟಿಸುವವಳು. ಹೊರದೇಶದ ವಿಮರ್ಶಕರು ಆಟದ ಬಣ್ಣ ಹೊಗಳಿದ್ದರು, ಸಂಗೀತ ಹೊಗಳಿದ್ದರು. ಒಳಗಿನ ಮಂದಿಗೆ ಮಾತ್ರ ಜೀವವಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟು ಕಂಬದಂತೆ ನಿಲ್ಲುತ್ತಾರೆ ಎಂಬುದು ಹೆಚ್ಚಿನವರ ತಕರಾರು. ಒಂದು ಜಾಲಪತ್ರಿಕೆಗೆ ಕನ್ನಡದಲ್ಲಿ ವಿಮರ್ಶೆ ಬರೆಯಲು ಒಪ್ಪಿಕೊಂಡಿದ್ದ ನನಗೂ ಹಾಗೆಯೇ ಅನ್ನಿಸಿತ್ತು.

ಒಂದು ಭಾನುವಾರ ಶಿಗ್ಗಾಂವಿಯ ನನ್ನ ಬಾಡಿಗೆ ಕೋಣೆಯಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಹಾನಗಲ್ಲಿಗೆ, ಅಕ್ಕನ ಮನೆಗೆ ಹೋದೆ. ಬಸ್ಸಿನ ಕಿಟಕಿಯಾಚೆ ಗದ್ದೆಗಳಲ್ಲಿ ನೀರು ನಿಂತಿತ್ತು, ನೀರಿನಲ್ಲಿ ಮೋಡ. ಆಟದ ನಾಡೇ ಬಸ್ಸಿನ ಜೊತೆ ಬರುತ್ತಿದೆ ಅನ್ನಿಸಿ, ಇಳಿಯುವಾಗ ಯಾವ ಊರಲ್ಲಿ ಕಾಲಿಡುತ್ತಿದ್ದೇನೆ ಎಂದು ಕ್ಷಣ ತಡವರಿಸಿದೆ.

ಭಾವ ಹಿರೇಕೆರೂರಿಗೆ ಯಾರದೋ ನಿಶ್ಚಯಕ್ಕೆ ಹೋಗಿದ್ದರು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುವವಳು. ಊಟವಾದ ಮೇಲೆ, ಯಾವಾಗ ನೋಡಿದರೂ ಆ ಲ್ಯಾಪ್‌ಟಾಪಿನಲ್ಲಿ ಮುಖ ಇಡುತ್ತೀಯಲ್ಲ, ಏನಿದೆ ತೋರಿಸು ಎಂದು ನನ್ನನ್ನು ಸರಿಸಿ ಕೂತಳು. ಪರದೆಯ ಮೇಲಿನ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳಿದೆ, ಅವಳು ಆರಿಸಿ ಒತ್ತಿದಳು. ಆಟ ದೋಣಿ ಮುದುಕಿಯ ಮುಂದೆ ನಿಂತಿತ್ತು. ಹೊಳೆ ಎಷ್ಟು ಆಳ, ಆಚೆ ಯಾವ ಊರು, ಮಕ್ಕಳಿಲ್ಲವೇ, ಎಲ್ಲ ಕೇಳಿಯಾಯಿತು. ಕೊನೆಗೆ ಉಳಿದದ್ದು ಒಂದೇ ಸಾಲು. ಅದನ್ನು ಒತ್ತಿದರೆ ಮಾತು ಮುಗಿಯುತ್ತದೆ. 'ಹೋಗ್ತೇನಿ' ಎಂದು ಓದಿ ಹೇಳಿದೆ.

"ಅದನ್ನ ನಾ ಒತ್ತಂಗಿಲ್ಲ," ಅಂದಳು.

"ಯಾಕ?"

"ಹೋಗ್ತೇನಿ ಅಂತಾರೇನೋ ಯಾರರ, ಅದೂ ವಯಸ್ಸಾದಾಕಿ ಮುಂದ? ಬರ್ತೇನಿ ಅನ್ನೂದು ಎಲ್ಲೈತಿ, ಹುಡುಕು."

ಅಂಥದ್ದೇನೂ ಇಲ್ಲ ಎಂದೆ.

"ಹಂಗಾರ ಕುಂದ್ರಲಿ ಬಿಡು ಆಕಿ," ಎಂದು ಎದ್ದು ಮಂಡಕ್ಕಿ ಗಿರ್ಮಿಟ್ ಮಾಡಲು ಒಳಗೆ ಹೋದಳು.

ಲ್ಯಾಪ್‌ಟಾಪ್ ಹೊಲಿಗೆ ಯಂತ್ರದ ಮೇಲೆ ತೆರೆದೇ ಇತ್ತು. ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಗೋಡೆಗೆ ಒರಗಿದೆ. ಪರದೆಯ ಹೊಳೆಯ ಬೆಳಕು ಅರ್ಧ ಹೊಲಿದ ಕುಪ್ಪಸಗಳ ಮೇಲೆ ಅಲೆಯಾಡುತ್ತಿತ್ತು. ಆಗ ಮುದುಕಿ ಮೆಲ್ಲಗೆ ಎದ್ದಳು. ಕಂದೀಲು ಎತ್ತಿದಳು. ನೀರಿನ ಅಂಚಿಗೆ ಬಂದು, ನನ್ನ ಕಡೆ ನೋಡಿ, 'ಹೋಗಿ ಬಾ' ಅಂದಳು. ಇಂಗ್ಲಿಷ್ ಆಟದ ಮುದುಕಿ ಕನ್ನಡ ಮಾತಾಡಿದ್ದು ನನಗೆ ಆಗ ವಿಚಿತ್ರವೆನ್ನಿಸಲೇ ಇಲ್ಲ.

ನನ್ನ ವಿಮರ್ಶೆ ಪೂರ್ತಿ ನಿಂತದ್ದು ಇದರ ಮೇಲೆ. ಈ ಮಂದಿಗೆ ಜೀವವಿದೆ, ವಿಮರ್ಶಕರಿಗೆ ಅವಸರವಿತ್ತು ಎಂದು ಬರೆದೆ. ಪ್ರಕಟವಾದ ಮೇಲೆ ಓದುಗನೊಬ್ಬ, ತಾನು ಆಟವನ್ನು ಪೂರ್ತಿ ಆಡಿದ್ದೇನೆ, ಮುದುಕಿ ಎಲ್ಲೂ ಏಳುವುದಿಲ್ಲ, ಬರೆದವರಿಗೆ ಕನಸು ಬಿದ್ದಿರಬೇಕು ಎಂದು ಟಿಪ್ಪಣಿ ಹಾಕಿದ. ಸಂಪಾದಕರು ಫೋನ್ ಮಾಡಿದರು. "ಸರ್, ಆ ಪ್ಯಾರಾ ಇಡೂದೋ, ತಗಿಯೂದೋ, ನೀವ ಹೇಳ್ರಿ."

ತೆಗೆದರೆ ಎಲ್ಲರೂ ಹೇಳಿದ್ದೇ ನನ್ನ ಮಾತಾಗಿ ಉಳಿಯುತ್ತಿತ್ತು. ಇಟ್ಟರೆ ನನ್ನ ಅಭಿಪ್ರಾಯ ಒಂದು ಮಧ್ಯಾಹ್ನದ ನಿದ್ದೆಗೆ ಜೋತುಬೀಳುತ್ತಿತ್ತು. ಇದ್ದ ಸಾಕ್ಷಿ ಒಬ್ಬಳೇ. ಅವಳಿಗೆ ಫೋನ್ ಹಚ್ಚಿದೆ.

"ಆಕಿ ಎದ್ದಳೋ ಇಲ್ಲೋ ನನಗೇನ್ ಗೊತ್ತು, ನಾ ಒಲಿ ಮುಂದ ಇದ್ದೆ," ಅಂದಳು ಅಕ್ಕ. "ನಾ ಬಂದಾಗ ನೀ ಗ್ವಾಡಿಗೆ ತಲಿ ಹಚ್ಚಿ ಗೊರಕಿ ಹೊಡ್ಯಾಕತ್ತಿದ್ದಿ. ಗಿರ್ಮಿಟ್ ಮೆತ್ತಗಾತು."

ಶಿಗ್ಗಾಂವಿಯಲ್ಲಿ ಆಟವನ್ನು ಮೊದಲಿಂದ ಆಡಿ ಹೊಳೆ ಮುಟ್ಟಿದೆ. ಮುದುಕಿಯ ಮುಂದೆ ಕೂತೆ. ಆದರೆ ನನ್ನ ಕೈ ಸುಮ್ಮನಿರುವ ಜಾತಿಯದ್ದಲ್ಲ. ಸ್ವಲ್ಪ ಹೊತ್ತಾದರೆ ಮೌಸ್ ಅಲುಗಿಸುತ್ತಿದ್ದೆ, ಇನ್ನೂ ಸ್ವಲ್ಪ ಹೊತ್ತಾದರೆ ಎದ್ದು ಹೋಗುತ್ತಿದ್ದೆ, ಮತ್ತೆ ಬಂದು ಅಲುಗಿಸುತ್ತಿದ್ದೆ. ಅವಳು ಕೂತೇ ಇದ್ದಳು. ಆ ದಿನ ಹಾನಗಲ್ಲಿನಲ್ಲಿ ಲ್ಯಾಪ್‌ಟಾಪನ್ನು ಮುಟ್ಟುವವರು ಯಾರೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಮುಂದಿನ ಭಾನುವಾರ ಮತ್ತೆ ಬಸ್ಸು ಹತ್ತಿದೆ.

ಅಕ್ಕ ಲ್ಯಾಪ್‌ಟಾಪನ್ನು ಯಂತ್ರದ ಮೇಲಿಟ್ಟು, ನನ್ನನ್ನು ಎದುರಿಗೆ ಕೂರಿಸಿದಳು. "ಕೈ ಕಟ್ಟಿಕೊಂಡು ಕುಂದ್ರು. ಸಾಲಿ ಹುಡುಗರಿಗೆ ಹೇಳ್ತಾರಲ್ಲ, ಹಂಗ." ತಾನು ಸೀರೆಗೆ ಫಾಲ್ ಹಚ್ಚುತ್ತ ಪಕ್ಕದಲ್ಲಿ ಕೂತಳು. ಹೊಳೆ ಹರಿಯುತ್ತಲೇ ಇತ್ತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ನಿದ್ದೆ ಬರದಿರಲೆಂದು ತೊಡೆ ಚಿವುಟಿಕೊಳ್ಳುತ್ತಿದ್ದೆ. ನೋಡನೋಡುತ್ತ ಆಟದ ಹೊಳೆ ಮಸುಕಾಗಿ ಮತ್ತೆ ಸ್ಪಷ್ಟವಾಗುತ್ತಿತ್ತು.

ಅಕ್ಕನ ಸೂಜಿ ನಿಂತಿತು. "ಲೇ ತಮ್ಮಾ, ನೋಡು," ಅಂದಳು ಸಣ್ಣ ದನಿಯಲ್ಲಿ.

ಕಂದೀಲು ಮೇಲೆದ್ದಿತ್ತು. ಮುದುಕಿ ನೀರಿನ ಅಂಚಿಗೆ ಬಂದು ನಮ್ಮ ಕಡೆ ನೋಡಿ ನಿಂತಳು. ನಾವಿಬ್ಬರೂ ಕಾದೆವು. ಅವಳು ಏನೂ ಹೇಳಲಿಲ್ಲ. ತುಟಿ ಅಲುಗಲಿಲ್ಲ, ಪರದೆಯ ಮೇಲೆ ಅಕ್ಷರವೂ ಮೂಡಲಿಲ್ಲ. ಬಹಳ ಹೊತ್ತು ನಿಂತು ಮತ್ತೆ ತನ್ನ ಜಾಗದಲ್ಲಿ ಕೂತಳು.

ಸಂಜೆಯ ಬಸ್ಸಿಗೆ ಹೊರಟಾಗ ಬ್ಯಾಗು ಹೆಗಲಿಗೇರಿಸಿ 'ಬರ್ತೇನಿ' ಅಂದೆ. ಅಕ್ಕ ಬಾಗಿಲಲ್ಲಿ ನಿಂತು, ಯಾವಾಗಲೂ ಅನ್ನುವ ಹಾಗೆ, "ಹೋಗಿ ಬಾ," ಅಂದಳು. ನಾನು ತಿರುಗಿ ಅವಳನ್ನೇ ನೋಡುತ್ತ ನಿಂತೆ. ಬಸ್ಸು ತಪ್ಪುತ್ತದೆ ಎಂದು ಬೈದು ಕಳಿಸಿದಳು.

ಬಸ್ಸಿನಿಂದಲೇ ಸಂಪಾದಕರಿಗೆ ಫೋನ್ ಮಾಡಿ, ಆ ಪ್ಯಾರಾದಿಂದ ಮುದುಕಿಯ ಮಾತನ್ನಷ್ಟೇ ತೆಗೆಯಲು ಹೇಳಿದೆ. ಮೊದಲ ಸಲ ಅವಳನ್ನು ನಾನು ನಿಜವಾಗಿ ಕಂಡೆನೋ ಇಲ್ಲವೋ ಈಗಲೂ ತಿಳಿಯದು. ಏನನ್ನೂ ಮುಟ್ಟದೆ, 'ಹೋಗ್ತೇನಿ' ಎಂಬುದನ್ನು ಒತ್ತದೆ ಕೂತರೆ ಮುದುಕಿ ಏಳುತ್ತಾಳೆ. ಅದಾದ ಮೇಲೆ ಶಿಗ್ಗಾಂವಿಯ ಕೋಣೆಯಲ್ಲಿ, ಕೈ ಕಟ್ಟಿಕೊಂಡು ಕೂತು, ಇನ್ನೊಮ್ಮೆ ನೋಡಿದ್ದೇನೆ. ಎದ್ದಳು.